ಸವಣೂರಿನ ಮಿಸ್ತ್ರಿ ಮುಟ್ಟದ ಟರ್ಮಿನಲ್

ಹಾನಗಲ್ಲಿನಲ್ಲಿ ಬೀಜ, ಗೊಬ್ಬರದ ಅಂಗಡಿ ನಡೆಸುವ ಮನುಷ್ಯನಿಗೆ ಸ್ಪೋರ್ಟ್ಸ್ ಕಾರು ಯಾತಕ್ಕೆ ಬೇಕು ಎಂದು ಊರಲ್ಲಿ ಯಾರೂ ನಮ್ಮ ಯಜಮಾನರನ್ನು ಕೇಳಲಿಲ್ಲ. ನಾನು ಕೇಳಿದೆ. "ಚಂದ ಐತಿ" ಅಂದರು. ಅಷ್ಟೇ ಉತ್ತರ. ಹುಬ್ಬಳ್ಳಿಯ ದಲ್ಲಾಳಿಯೊಬ್ಬ ಗೋವಾದಿಂದ ತಂದು ನಿಲ್ಲಿಸಿಕೊಂಡಿದ್ದ ಹಳೆಯ ಗಾಡಿ ಅದು. ಎರಡೇ ಬಾಗಿಲು, ಎರಡೇ ಸೀಟು, ಮೇಲೆ ಮಡಚುವ ಬಟ್ಟೆಯ ಮಾಡು, ಬಣ್ಣ ಬ್ಯಾಡಗಿ ಮೆಣಸಿನಕಾಯಿಯದು. ನೆಲಕ್ಕೆ ಎಷ್ಟು ಹತ್ತಿರವೆಂದರೆ ನಮ್ಮ ಓಣಿಯ ಹಂಪ್ ದಾಟುವಾಗ ಹೊಟ್ಟೆ ಕೆರೆದುಕೊಂಡೇ ಹೋಗುತ್ತಿತ್ತು. ಯಜಮಾನರ ಹೊಟ್ಟೆಗೂ ಸ್ಟೇರಿಂಗಿಗೂ ಅದೇ ಕಥೆ. ಒಂದು ತಿಂಗಳು ಮನೆಯಿಂದ ಅಂಗಡಿಗೆ, ಅಂಗಡಿಯಿಂದ ಮನೆಗೆ ಮೆರೆದರು. ಊರ ಮಂದಿಯೆಲ್ಲ ಅದರ ಮುಂದೆ ನಿಂತು ಫೋಟೋ ತೆಗೆಸಿಕೊಂಡು ಮುಗಿದ ಮೇಲೆ, ಹತ್ತಿ ಇಳಿಯುವುದಕ್ಕೆ ಮೊಣಕಾಲು ನೋಯುತ್ತದೆ ಎಂದು ಮತ್ತೆ ಬೈಕಿಗೆ ಹೋದರು.

ಕಾರು ನನ್ನ ಪಾಲಿಗೆ ಬಂದದ್ದು ಹೀಗೆ, ಯಾರಿಗೂ ಬೇಡವಾದ ಮೇಲೆ. ನಾನು ತಿಳವಳ್ಳಿ ಕಡೆಯ ಒಂದು ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುತ್ತೇನೆ. ಇಪ್ಪತ್ತು ವರ್ಷ ಬಸ್ಸಿನಲ್ಲಿ ಮೆಕ್ಕೆಜೋಳದ ಚೀಲಗಳ ಮೇಲೆ ಕಾಲಿಟ್ಟುಕೊಂಡು ಓಡಾಡಿದವಳು. ನಲವತ್ತಾರನೇ ವಯಸ್ಸಿನಲ್ಲಿ ಡ್ರೈವಿಂಗ್ ಕಲಿತೆ. ಮೊದಲ ಸಲ ಒಬ್ಬಳೇ ಮಾಡು ಮಡಚಿ, ಬೆಳಗಿನ ಬಿಸಿಲಲ್ಲಿ ಭತ್ತದ ಗದ್ದೆಗಳ ನಡುವೆ ಹೋದ ದಿನ ನಾನು ನಕ್ಕೆ, ಯಾರೂ ಇಲ್ಲದಿದ್ದರೂ ಜೋರಾಗಿ ನಕ್ಕೆ. ಆ ಗಾಡಿಯನ್ನು ನಾನು ಪ್ರೀತಿಸಿದೆ. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಮದುವೆಯಾದ ಮೇಲೆ ನನ್ನದೇ ಎಂದು ನನಗೆ ಅನಿಸಿದ ಮೊದಲ ವಸ್ತು ಅದು.

ಮೂರು ತಿಂಗಳಿಗೆ ಅದರ ಬ್ಯಾಟರಿ ಸತ್ತಿತು. ಅದು ನ್ಯಾಯವಾದ ಸಾವು, ಹಳೆಯ ಬ್ಯಾಟರಿ. ಹಾನಗಲ್ಲಿನ ಮಿಸ್ತ್ರಿ ಮನೆಗೇ ಬಂದು ಹೊಸದನ್ನು ಕೂಡಿಸಿ ಹೋದ. ನಿಜವಾದ ಕಾಟ ಶುರುವಾದದ್ದು ಆಮೇಲೆ. ಕೀಲಿ ತಿರುಗಿಸಿದರೆ ಒಂದು ದಿನ ಗುರ್ ಎಂದು ಎದ್ದು ನಿಲ್ಲುವುದು, ಮರುದಿನ ಟಕ್ ಎಂದು ಒಂದೇ ಸದ್ದು ಮಾಡಿ ಸುಮ್ಮನಾಗುವುದು. ಮತ್ತೆ ನಾಲ್ಕು ದಿನ ಏನೂ ಆಗದಂತೆ ಓಡುವುದು. ಪೂರ್ತಿ ಕೆಟ್ಟರೆ ರಿಪೇರಿ ಮಾಡಬಹುದು. ಒಮ್ಮೆ ಕೆಟ್ಟು ಒಮ್ಮೆ ಸರಿಯಿರುವುದನ್ನು ಏನು ಮಾಡುವುದು? ಮಿಸ್ತ್ರಿಯ ಮುಂದೆ ನಿಲ್ಲಿಸಿದರೆ ಸಂಭಾವಿತನ ಹಾಗೆ ಚಾಲೂ ಆಗುತ್ತಿತ್ತು. ಶಾಲೆಯ ಗೇಟಿನ ಮುಂದೆ, ಮುಖ್ಯ ಗುರುಗಳು ನೋಡುತ್ತಿರುವಾಗ ಟಕ್.

ಆಡೂರಿನ ಹತ್ತಿರ ಒಮ್ಮೆ ನಿಂತಾಗ ಹೊಲದಲ್ಲಿದ್ದವರು ಬಂದು ದೂಡಿದರು. ದೂಡುವವರು ಬರೀ ದೂಡುವುದಿಲ್ಲ, ಸಲಹೆಯನ್ನೂ ಕೊಡುತ್ತಾರೆ. ಮೀಸೆ ಬಂದ ಗಂಡಸು ಎಂಜಿನ್ ಮುಂದೆ ನಿಂತರೆ ಸಾಕು, ತಾನೇ ಅದನ್ನು ಹೆತ್ತವನ ಹಾಗೆ ಮಾತಾಡುತ್ತಾನೆ. ಒಬ್ಬ ಡೀಸೆಲ್ ಒಳಗೆ ಗಾಳಿ ಸೇರಿದೆ ಅಂದ. ಅದು ಪೆಟ್ರೋಲ್ ಗಾಡಿ. ಇನ್ನೊಬ್ಬ, "ಹೆಣ್ಮಕ್ಕಳು ಕ್ಲಚ್ ಭಾಳ ಒತ್ತತಾರ್ರಿ, ಅದಕ್ಕ" ಅಂದ. ಕ್ಲಚ್ಚಿಗೂ ಇದಕ್ಕೂ ಏನು ಸಂಬಂಧವೋ, ಅವನ ಹೆಂಡತಿಯನ್ನು ಕೇಳಬೇಕು.

ಮನೆಯಲ್ಲಿ ಅದೇ ಮಾತು ಬೇರೆ ರೂಪದಲ್ಲಿ ಬಂತು. ನಮ್ಮ ಅತ್ತೆ ತೊಟ್ಟಿಯ ಹತ್ತಿರ ಕುಳಿತು, ಯಾರಿಗೂ ಹೇಳದ ಹಾಗೆ, ಎಲ್ಲರಿಗೂ ಕೇಳುವ ಹಾಗೆ ಹೇಳಿದರು: "ಅಂವ ಹೊಡ್ಯಾಕತ್ತಾಗ ಒಂದಿನಾನೂ ನಿಲ್ಲಲಿಲ್ಲ. ಇಕೀ ಕೈಗೆ ಹೋದ ಮ್ಯಾಲ ಚಾಲೂ ಆಗೇತಿ ಈ ರೋಗ." ಅಂಗಡಿಯಲ್ಲಿ ಯಜಮಾನರ ಜೊತೆ ಕೂರುವ ಮೈದುನ ಇದ್ದಾನಲ್ಲ, ಮೂವತ್ತೆಂಟು ವರ್ಷದವನು, ಮೊಬೈಲ್ ಬಿಟ್ಟು ಬೇರೆ ಯಾವುದನ್ನೂ ಎತ್ತಿ ಗೊತ್ತಿಲ್ಲದವನು, ಅವನೂ ತಲೆಯಾಡಿಸಿದ. ಯಜಮಾನರು ಊಟದ ತಟ್ಟೆ ನೋಡುತ್ತ ತೀರ್ಪು ಕೊಟ್ಟರು. "ಇನ್ನೊಂದು ತಿಂಗಳು ನೋಡ್ತೇನಿ. ಹಿಂಗ ದಾರ್ಯಾಗ ನಿಂತ್ರ ದಲ್ಲಾಳಿಗೆ ವಾಪಸ್ ಕೊಟ್ಟ ಬಿಡ್ತೇನಿ. ನೀ ಬಸ್ಸಿಗೆ ಹೋಗು."

ಒಂದು ತಿಂಗಳು. ಅಷ್ಟರಲ್ಲಿ ರೋಗ ಸಿಗಬೇಕು, ಇಲ್ಲದಿದ್ದರೆ ನನ್ನ ಕೈಯಿಂದ ಕೀಲಿ ಹೋಗುತ್ತದೆ. ಅದು ಹೋಗುವುದು ನನ್ನ ಕೈಯದೇ ತಪ್ಪು ಎಂಬ ಮಾತಿನೊಂದಿಗೆ. ಎರಡನೆಯದನ್ನು ನಾನು ಸಹಿಸುವವಳಲ್ಲ.

ಶಿಗ್ಗಾವಿಯಲ್ಲಿ ಒಬ್ಬ ಪ್ರಸಿದ್ಧ ಮಿಸ್ತ್ರಿ ಇದ್ದಾನೆ ಎಂದು ಸಹೋದ್ಯೋಗಿಯೊಬ್ಬರು ಹೇಳಿದರು. ಹೋದೆ. ದಾರಿಯಲ್ಲಿ ಬಂಕಾಪುರದಲ್ಲಿ ಚಹಾಕ್ಕೆ ಇಳಿದಾಗ ಗಾಡಿ ಮತ್ತೆ ಎದ್ದೇಳಲಿಲ್ಲ, ಅಲ್ಲಿಯೂ ದೂಡಿಸಿಕೊಂಡೇ ಹೊರಟೆ. ಆ ಮಿಸ್ತ್ರಿ ಉದ್ದನೆಯ ಸ್ಕ್ರೂ ಡ್ರೈವರಿನ ತುದಿಯನ್ನು ಡೈನಮೋಕ್ಕೆ ಒತ್ತಿ ಹಿಡಿಯನ್ನು ಕಿವಿಗೆ ಇಟ್ಟುಕೊಂಡು, ಡಾಕ್ಟರನ ಹಾಗೆ ಕಣ್ಣು ಮುಚ್ಚಿದ. "ಡೈನಮೋ ಹೋಗೇತ್ರಿ. ಚಾರ್ಜ್ ಆಗವಲ್ದು." ಅಳೆದು ನೋಡಪ್ಪ ಎಂದರೆ ಮೂವತ್ತು ವರ್ಷದ ಕಿವಿ ಇದು ಎಂದ. ಬ್ಯಾಟರಿಯ ಮೈನಸ್ ವೈರು ಬಿಚ್ಚಿಟ್ಟು, ಡೈನಮೋ ಇಳಿಸಿ, ಕಾರ್ಬನ್ ಬದಲಿಸಿ, ಮತ್ತೆ ಏರಿಸಿದ. ಐದು ದಿನ ಗಾಡಿ ಚೆನ್ನಾಗಿತ್ತು. ಆರನೆಯ ದಿನ ಟಕ್.

ಹಿರೇಕೆರೂರಿನವನು ಇನ್ನೂ ದೊಡ್ಡ ಪಂಡಿತ. ಅವನ ಮುಂದೆ ಗಾಡಿ ನಿಜವಾಗಿಯೇ ಹಟ ಹಿಡಿದು ನಿಂತಿತು. ನನಗೆ ಸಂತೋಷವಾಯಿತು, ಕೊನೆಗೂ ಸಾಕ್ಷಿ ಸಿಕ್ಕಿತಲ್ಲ ಎಂದು. ಅವನು ಕೆಳಗೆ ಮಲಗಿ, ಎಂಜಿನ್ನನ್ನು ತಿರುಗಿಸುವ ಸೆಲ್ಫ್ ಮೋಟಾರಿಗೆ ಸುತ್ತಿಗೆಯಿಂದ ಎರಡು ಪೆಟ್ಟು ಹಾಕಿದ. "ಈಗ ಹೊಡೀರಿ ಸೆಲ್ಫ್" ಅಂದ. ಹೊಡೆದೆ. ಎದ್ದಿತು. ಅವನು ಮೈಮೇಲಿನ ಧೂಳು ಝಾಡಿಸಿಕೊಂಡು ಎದ್ದ ಗತ್ತು ನೋಡಬೇಕಿತ್ತು. "ಸೆಲ್ಫ್ ಖಲಾಸ್ ರೀ ಅಕ್ಕೋರ." ಅದನ್ನೂ ಬದಲಿಸಿದ್ದಾಯಿತು. ಆ ಪೆಟ್ಟಿಗೆ ಇಡೀ ಗಾಡಿ ಅಲುಗಾಡಿತ್ತು, ಬೇರೆ ಎಲ್ಲಿಯೋ ಬಿಟ್ಟಿದ್ದ ಸಂಪರ್ಕ ಆ ಅಲುಗಾಟಕ್ಕೆ ಕೂಡಿಕೊಂಡಿತ್ತು ಎಂಬುದು ಅವನಿಗೆ ಹೊಳೆಯಲಿಲ್ಲ. ನನಗೂ ಹೊಳೆಯಲಿಲ್ಲ. ಆದರೆ ನನಗೆ ಹೊಳೆಯಬೇಕಿತ್ತು.

ಅಷ್ಟರಲ್ಲಿ ನಾನೂ ಶಾಲೆಯ ಪ್ರಯೋಗಾಲಯದಿಂದ ಮಲ್ಟಿಮೀಟರ್ ತಂದುಕೊಂಡಿದ್ದೆ. ದಿನಾ ಬೆಳಿಗ್ಗೆ ಬಾನೆಟ್ ಎತ್ತಿ, ವೈರುಗಳ ತುದಿಯಲ್ಲಿದ್ದು ಬ್ಯಾಟರಿಗೆ ಕಚ್ಚಿಕೊಂಡಿದ್ದ ಎರಡು ಕ್ಲಾಂಪುಗಳ ಬೋಲ್ಟುಗಳಿಗೆ ಮೀಟರಿನ ಕಡ್ಡಿ ಇಟ್ಟು ಅಳೆಯುತ್ತಿದ್ದೆ. ಎಂಜಿನ್ ನಿಂತಾಗ ಹನ್ನೆರಡೂವರೆ ವೋಲ್ಟ್. ಓಡುವಾಗ ಹದಿನಾಲ್ಕರ ಮೇಲೆ. ಎಲ್ಲ ಸರಿ. ಇಷ್ಟೆಲ್ಲ ಸರಿಯಿದ್ದ ಮೇಲೆ ಗಾಡಿ ಏಳದಿರುವುದು ಮಿಸ್ತ್ರಿಗಳ ದಡ್ಡತನವೇ ಎಂದು ತೀರ್ಮಾನಿಸಿದೆ. ವಹಿಯಲ್ಲಿ ಅಂಕಿಗಳನ್ನು ಅಂದವಾಗಿ ಬರೆದಿಡುತ್ತಿದ್ದೆ. ನಾಲ್ಕು ತಾಲೂಕಿನಲ್ಲಿ ಅಳೆದು ನೋಡುವವಳು ನಾನೊಬ್ಬಳೇ ಎಂಬ ಹೆಮ್ಮೆ ಬೇರೆ.

ತಿಂಗಳು ಮುಗಿಯಲು ಹತ್ತು ದಿನ ಇದ್ದಾಗ ಸವಣೂರಿಗೆ ಹೋದೆ. ಅಲ್ಲಿನ ಹಳೆಯ ವೈರಿಂಗ್ ಮಿಸ್ತ್ರಿ ಮುಸಲ್ಮಾನರು, ಅರವತ್ತರ ಮೇಲಿನವರು, ಬಿಳಿ ಗಡ್ಡ, ಮೂಗಿನ ತುದಿಯಲ್ಲಿ ದಾರ ಕಟ್ಟಿದ ಕನ್ನಡಕ. ಮೈದುನನೂ ನನ್ನ ಜೊತೆ ಬಂದಿದ್ದ. ಸಹಾಯಕ್ಕಲ್ಲ, ಎರಡು ಸೀಟಿನ ಕಾರಿನಲ್ಲಿ ಕುಳಿತು ಸವಣೂರಿನಲ್ಲಿ ತಿರುಗಿ ವಿಡಿಯೋ ಮಾಡಲಿಕ್ಕೆ. ಮಿಸ್ತ್ರಿ ಬಾನೆಟ್ ಎತ್ತಿದರು. ಯಾವುದಕ್ಕೂ ಕಿವಿ ಇಡಲಿಲ್ಲ, ಯಾವುದನ್ನೂ ಬಡಿಯಲಿಲ್ಲ. ದೀಪ ಹಚ್ಚಿಸಿ ಒಮ್ಮೆ ಸೆಲ್ಫ್ ಹೊಡೆಯಲು ಹೇಳಿ, ಬೆಳಕು ಕುಗ್ಗುತ್ತದೆಯೇ ಎಂದು ಹೆಡ್‌ಲೈಟಿನ ಕಡೆ ನೋಡಿದರು. ಆಮೇಲೆ ಬ್ಯಾಟರಿಯ ಪ್ಲಸ್ ತುದಿಗೆ ಹಾಕಿದ್ದ ಕೆಂಪು ರಬ್ಬರಿನ ಮುಚ್ಚಳವನ್ನು ಬೆರಳಿನಿಂದ ಎತ್ತಿದರು. ಬಗ್ಗಿ ನೋಡಿದರು. ನನ್ನ ಮುಖ ನೋಡಿದರು, ಮೈದುನನ ಕೈಯಲ್ಲಿದ್ದ ಮೊಬೈಲ್ ನೋಡಿದರು. ಮುಚ್ಚಳವನ್ನು ಮೆಲ್ಲಗೆ ಮತ್ತೆ ಕೂಡಿಸಿ, ಕೈಯನ್ನು ಹಿಂದಕ್ಕೆ ತೆಗೆದುಕೊಂಡು ಬಟ್ಟೆಗೆ ಒರೆಸಿಕೊಂಡರು.

"ಗಾಡಿ ಚಲೋ ಐತ್ರಿ ಅಕ್ಕೋರ. ಡೈನಮೋ, ಸೆಲ್ಫ್ ಎಲ್ಲಾ ಚಲೋ ಅದಾವ. ನಾ ಕೈ ಹಚ್ಚೂದು ಏನಿಲ್ಲ. ಮನಿಗೆ ಹೋಗಿ ಇದರ ಟರ್ಮಿನಲ್ ನೀವ ನಿಮ್ಮ ಕೈಲೆ ಬಿಚ್ಚಿ, ಬಿಸಿನೀರು ಹಾಕಿ ಒರಸಿ ಹಾಕ್ರಿ. ಅಷ್ಟ."

"ಅಷ್ಟ ಅಂದ್ರ ನೀವ ಮಾಡ್ರಲಾ" ಅಂದೆ.

"ಬ್ಯಾಡ್ರಿ. ನೀವ ಮಾಡ್ರಿ." ದುಡ್ಡು ಕೊಡಹೋದರೆ ತೆಗೆದುಕೊಳ್ಳಲಿಲ್ಲ.

ನನಗೆ ಮೈಯೆಲ್ಲ ಉರಿಯಿತು. ಶಿಗ್ಗಾವಿಯವನು ತಪ್ಪು ಮಾಡಿದ, ಹಿರೇಕೆರೂರಿನವನು ತಪ್ಪು ಮಾಡಿದ, ಆದರೆ ಮಾಡುವುದನ್ನಾದರೂ ಮಾಡಿದರು. ಇವರು ಪಾನಾ ಕೂಡ ಎತ್ತದೆ, ಗಿರಾಕಿಗೇ ಕೆಲಸ ಹೇಳಿ ಕಳಿಸುತ್ತಾರೆ. ಒಬ್ಬ ಹೆಂಗಸು ವಿಜ್ಞಾನ ಕಲಿಸುವವಳು, ಮೀಟರ್ ಹಿಡಿದು ಬಂದಿದ್ದಾಳೆ ಎಂದು ಹೆದರಿದ್ದಾರೆ, ಏನೂ ಗೊತ್ತಿಲ್ಲದ್ದಕ್ಕೆ ದುಡ್ಡು ಬೇಡ ಎನ್ನುತ್ತಿದ್ದಾರೆ ಎಂದು ಅರ್ಥ ಮಾಡಿಕೊಂಡೆ. ಹಿಂದಿರುಗುವ ದಾರಿಯಲ್ಲಿ ಮೈದುನನೂ ಹೂಂಗುಟ್ಟಿದ. ಆ ಸಂಜೆ ನಮ್ಮ ಶಿಕ್ಷಕರ ವಾಟ್ಸಾಪ್ ಗುಂಪಿನಲ್ಲಿ ಬರೆದೆ: ಸವಣೂರಿನ ಆ ವೈರಿಂಗ್ ಮಿಸ್ತ್ರಿಯ ಹತ್ತಿರ ಯಾರೂ ಹೋಗಬೇಡಿ, ಕೆಲಸ ಬರುವುದಿಲ್ಲ, ಗಾಡಿಗೆ ಕೈಯನ್ನೇ ಹಚ್ಚುವುದಿಲ್ಲ. ಸವಣೂರು ಕಡೆಯ ಶಿಕ್ಷಕರೇ ಅರ್ಧ ಇರುವ ಗುಂಪು ಅದು. ಬಹಳ ಮಂದಿ ಹೆಬ್ಬೆರಳು ತೋರಿಸಿದರು. ಒಬ್ಬರು, "ತಿಳಿಸಿದ್ದು ಒಳ್ಳೇದಾತು ಮೇಡಂ, ನಾಳೆ ಅಲ್ಲೇ ಹೋಗಾಂವ ಇದ್ದೆ" ಎಂದರು. ನನಗೆ ಹಿತವಾಯಿತು.

ಟರ್ಮಿನಲ್ ಬಿಚ್ಚಿದೆನೇ? ಇಲ್ಲ. ಯಾಕೆ ಬಿಚ್ಚಲಿ, ಬ್ಯಾಟರಿ ಹೊಸದು, ನನ್ನ ಮೀಟರಿನಲ್ಲಿ ಎಲ್ಲ ಸರಿಯಿದೆ.

ಗಡುವಿಗೆ ಮೂರು ದಿನ ಉಳಿದಿತ್ತು. ಭಾನುವಾರ ಬೆಳಿಗ್ಗೆ ಹತ್ತನೇ ತರಗತಿಯ ಪ್ರಶ್ನೆಪತ್ರಿಕೆ ತಯಾರಿಸುತ್ತ ಕುಳಿತಿದ್ದೆ. ವಿದ್ಯುತ್ ಹರಿಯುತ್ತಿರುವಾಗ ಎರಡು ಬಿಂದುಗಳ ನಡುವಿನ ವಿಭವಾಂತರದ ಮೇಲೆ ಒಂದು ಪ್ರಶ್ನೆ ಬರೆದೆ. ಪ್ರತಿ ವರ್ಷ ಬರೆಯುವ ಪ್ರಶ್ನೆ. ಬರೆದು ಪೆನ್ನು ಕೆಳಗಿಟ್ಟೆ. ನಾನು ಇಷ್ಟು ದಿನ ಅಳೆದದ್ದು ಕ್ಲಾಂಪಿನಿಂದ ಕ್ಲಾಂಪಿಗೆ. ಕ್ಲಾಂಪು ಬ್ಯಾಟರಿಯಲ್ಲ. ಅದು ಕಚ್ಚಿಕೊಂಡಿರುವ, ಬ್ಯಾಟರಿಯ ಮೇಲೆ ಎದ್ದು ನಿಂತ ಸೀಸದ ಗುಬುಟು ಬೇರೆ, ಕ್ಲಾಂಪು ಬೇರೆ. ಎರಡರ ನಡುವೆ ಏನಾದರೂ ಇದ್ದರೆ, ಡೈನಮೋ ಕೊಟ್ಟದ್ದು ಕ್ಲಾಂಪಿನವರೆಗೆ ಬಂದು ಅಲ್ಲಿಯೇ ನಿಲ್ಲುತ್ತದೆ. ನಾನು ಅದನ್ನೇ ನೋಡಿ ಚಾರ್ಜ್ ಆಗುತ್ತಿದೆ ಎಂದು ವಹಿಯಲ್ಲಿ ಬರೆದುಕೊಳ್ಳುತ್ತಿದ್ದೆ.

ಯಜಮಾನರನ್ನು ಹಿಡಿದು ತಂದು ಸೀಟಿನಲ್ಲಿ ತುರುಕಿದೆ. ಕೆಂಪು ಮುಚ್ಚಳ ಎತ್ತಿ ಒಂದು ಕಡ್ಡಿಯನ್ನು ಸೀಸದ ಗುಬುಟಿಗೆ ಚುಚ್ಚಿ, ಇನ್ನೊಂದನ್ನು ಅದಕ್ಕೇ ಅಂಟಿಕೊಂಡ ಕ್ಲಾಂಪಿಗೆ ಇಟ್ಟೆ. "ಹೊಡೀರಿ ಸೆಲ್ಫ್" ಅಂದೆ. ಟಕ್. ಒಂದನ್ನೊಂದು ತಬ್ಬಿಕೊಂಡಿರುವ ಎರಡು ಲೋಹಗಳ ನಡುವೆ ಹೆಚ್ಚುಕಡಿಮೆ ಏನೂ ತೋರಿಸಬಾರದು. ಮೀಟರು ಐದು ವೋಲ್ಟ್ ತೋರಿಸಿತು.

ಯಜಮಾನರು ಮೊಣಕಾಲು ಹಿಡಿದುಕೊಂಡು ಒಳಗೆ ಹೋದ ಮೇಲೆ ಪಾನಾ ತಂದು ಬಿಚ್ಚಿದೆ. ಕ್ಲಾಂಪು ಸುಲಭವಾಗಿ ಬರಲಿಲ್ಲ, ತಿರುವಿ ಎಳೆಯಬೇಕಾಯಿತು. ಒಳಗೆ ಸುತ್ತಲೂ ಬೆಳ್ಳಗೆ, ಗಿಲಾವು ಮಾಡಿದ ಹಾಗೆ ಗಟ್ಟಿಯಾದ ಪದರ. ಉಗುರಿನಿಂದ ಕೆರೆದು ಮೂಗಿನ ಹತ್ತಿರ ಹಿಡಿದೆ. ವಾಸನೆಯಿಂದಲೇ ಗೊತ್ತಾಯಿತು. ವಿಭೂತಿ.

ಹೊಸ ಬ್ಯಾಟರಿ ಬಂದ ದಿನ ಅಂಗಳದಲ್ಲಿ ಮಣೆಯ ಮೇಲೆ ಅದನ್ನು ಇಟ್ಟಿದ್ದರು. ಪೂಜೆ ಇಲ್ಲದೆ ಗಾಡಿಗೆ ಏನನ್ನೂ ಜೋಡಿಸಬಾರದೆಂದು ಅತ್ತೆಯ ಆಜ್ಞೆ. ತಾವು ಮಂಡಿ ಹಿಡಿದುಕೊಂಡು ಕುಳಿತು, "ತಲಿಗೆ ವಿಭೂತಿ ಹಚ್ಚು" ಎಂದು ನನಗೆ ಹೇಳಿದರು. ಶಾಲೆಗೆ ಹೊತ್ತಾಗುತ್ತಿತ್ತು. ಬ್ಯಾಟರಿಗೆ ತಲೆ ಯಾವುದು ಎಂದು ಮನಸ್ಸಿನಲ್ಲಿಯೇ ಅಣಕಿಸುತ್ತ, ಎದ್ದು ಕಂಡ ಎರಡು ಸೀಸದ ಗುಬುಟುಗಳಿಗೆ ನೀರಲ್ಲಿ ಕಲಸಿದ ವಿಭೂತಿಯನ್ನು ಬೇಕೆಂದೇ ಧಾರಾಳವಾಗಿ ಮೆತ್ತಿದ್ದೆ. ಇಕೋ, ಸಾಕೇ ಎನ್ನುವ ಹಾಗೆ. ಮೇಲೆ ತೆಂಗಿನಕಾಯಿ ನೀರು. ಹಾನಗಲ್ಲಿನ ಮಿಸ್ತ್ರಿ ಕೈ ಮುಗಿದು, ಒಂದು ಚೂರೂ ಒರೆಸದೆ, ಅದರ ಮೇಲೆಯೇ ಕ್ಲಾಂಪು ಕೂಡಿಸಿ ಬಿಗಿದಿದ್ದ. ವಿಭೂತಿ ಒರೆಸುವ ಧೈರ್ಯ ನಮ್ಮ ಕಡೆ ಯಾವ ಮಿಸ್ತ್ರಿಗಿದೆ? ಮೈನಸ್ ಕಡೆಯದು ರಿಪೇರಿಯ ಪ್ರತಿ ಸಲ ಬಿಚ್ಚಿ ಹಾಕಿ ತಾನೇ ಸವೆದು ಹೋಗಿತ್ತು. ಪ್ಲಸ್ ಕಡೆಯದು ಕೆಂಪು ಮುಚ್ಚಳದ ಕೆಳಗೆ ಆಸಿಡ್ಡಿನ ಹಬೆ ಕುಡಿದು ಕಲ್ಲಾಗಿತ್ತು. ಅದು ಹಾಗೆ ಕಲ್ಲಾಗುತ್ತದೆ ಎಂದು ಹೇಳುವ ಪಾಠವನ್ನೂ ನಾನೇ ಮಾಡುತ್ತೇನೆ.

ಬಿಸಿನೀರು ಹಾಕಿ ಒರೆಸಿದೆ, ಮರಳು ಕಾಗದದಿಂದ ಉಜ್ಜಿದೆ, ಬಿಗಿದೆ. ಮೊದಲ ಸಲಕ್ಕೇ ಎದ್ದಿತು. ಹತ್ತು ಸಲ ಆರಿಸಿ ಹೊಡೆದೆ, ಹತ್ತು ಸಲವೂ ಎದ್ದಿತು. ಮನೆಯವರೆಲ್ಲ ಹೊರಗೆ ಬಂದರು. "ಏನಾಗಿತ್ತ?" ಎಂದು ಅತ್ತೆ ಕೇಳಿದರು.

ಅಲ್ಲಿ ನಾನು ನಿಜ ಹೇಳಬಹುದಿತ್ತು. ಹೇಳಿದರೆ ಏನಾಗುತ್ತದೆಂದು ಗೊತ್ತಿತ್ತು. ವಿಭೂತಿಯಿಂದ ಗಾಡಿ ಕೆಟ್ಟಿತು ಎನ್ನುವ ಸೊಸೆಯ ಕೈಗೆ ಆ ಮನೆಯಲ್ಲಿ ಕೀಲಿ ಉಳಿಯುವುದಿಲ್ಲ. ಮೇಲಾಗಿ ಹಚ್ಚಿದ ಕೈಯೂ ನನ್ನದೇ.

"ಸವಣೂರಿನಾಂವ ಟರ್ಮಿನಲ್ ಸಡಲ ಬಿಟ್ಟಿದ್ದ ರೀ" ಅಂದೆ. ಅವರನ್ನು ಏಕವಚನಕ್ಕೆ ಇಳಿಸಿದ್ದನ್ನು ನಾನೇ ಗಮನಿಸಿದೆ.

ಎಲ್ಲರೂ ಕೂಡಲೇ ನಂಬಿದರು. ಸವಣೂರಿಗೆ ಹೋಗುವ ಮೊದಲಿನಿಂದಲೂ ಗಾಡಿ ಕೆಟ್ಟಿತ್ತಲ್ಲ ಎಂದು ಒಬ್ಬರೂ ಕೇಳಲಿಲ್ಲ. "ನಾ ಅವತ್ತ ಅಂದಿಲ್ಲೇನು, ಅವರು ಹಂಗ" ಎಂದ ಮೈದುನ, ಸವಣೂರಿನಲ್ಲಿ ಅವರು ಗಾಡಿಗೆ ಪಾನಾ ಹಚ್ಚದ್ದನ್ನು ಕಣ್ಣಾರೆ ಕಂಡವನು. ಅವರು ಎಂದರೆ ಯಾರು ಎಂದು ನಾನು ಕೇಳಲಿಲ್ಲ. ಕೀಲಿ ನನ್ನ ಸೆರಗಿನ ಗಂಟಿನಲ್ಲಿ ಉಳಿಯಿತು.

ಆದರೂ ಮುಂದಿನ ಭಾನುವಾರ ಒಬ್ಬಳೇ ಸವಣೂರಿಗೆ ಹೋದೆ. ಕ್ಷಮೆ ಕೇಳಲಿಕ್ಕೆ ಹೋದೆ ಎಂದು ಬರೆದರೆ ಸುಳ್ಳಾಗುತ್ತದೆ. ಅರ್ಧ ಜಗಳಕ್ಕೇ ಹೋಗಿದ್ದೆ. ಗೊತ್ತಿದ್ದ ಮೇಲೆ ಎರಡು ನಿಮಿಷದ ಕೆಲಸ ಯಾಕೆ ಮಾಡಲಿಲ್ಲ, ಅಷ್ಟು ಮೈಗಳ್ಳತನವೇ ಎಂದು ಕೇಳುವುದಿತ್ತು. ಕೇಳಿಯೇಬಿಟ್ಟೆ.

ಅವರು ಒಂದು ಟ್ರ್ಯಾಕ್ಟರಿನ ವೈರು ಸುತ್ತುತ್ತಿದ್ದರು. ಸ್ಟೂಲ್ ಎಳೆದುಕೊಟ್ಟು, "ಕುಂಡ್ರಿ ಅಕ್ಕೋರ" ಎಂದರು. ರಸ್ತೆಯ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದರು.

"ಮುಚ್ಚಳ ತಗದ ಕೂಡ್ಲೆ ಕಂಡಿತ್ರಿ. ಮೊದಲೆಲ್ಲ ನಾನ ಒರಸ್ತಿದ್ದೆ. ನಿಮ್ಮ ಮಂದಿ ಗಾಡಿ ಎಷ್ಟೋ ಒರಸೇನಿ, ಯಾರೂ ಏನೂ ಅಂದಿಲ್ಲ. ಈಗ ಕಾಲ ಹಂಗಿಲ್ರಿ. ಅವತ್ತ ನಿಮ್ಮ ಮೈದುನಾರು ಮೊಬೈಲ್ ಹಿಡಕೊಂಡ ನಿಂತಿದ್ರು. ನಾ ವಿಭೂತಿ ಒರಸೂದು ಅದರಾಗ ಬಂದು, ಅದನ್ನ ಯಾರರ ನಾಕ ಮಂದಿಗೆ ಕಳಿಸಿದ್ರ, ನಾ ಟರ್ಮಿನಲ್ ಸ್ವಚ್ಛ ಮಾಡಿದ್ದೆ ಅಂತ ಯಾರಿಗೆ ಹೇಳ್ಕೋತ ತಿರುಗ್ಲಿ? ಅದಕ್ಕ ನಿಮ್ಮ ಕೈಲೆ ಒರಸ್ರಿ ಅಂದೆ."

ಗುಂಪಿನಲ್ಲಿ ನಿಮ್ಮ ಬಗ್ಗೆ ಕೆಟ್ಟದಾಗಿ ಬರೆದಿದ್ದೇನೆ, ಇವತ್ತೇ ಎಲ್ಲವನ್ನೂ ಬರೆದು ಸರಿಪಡಿಸುತ್ತೇನೆ, ರೋಗ ಹಿಡಿದವರು ನೀವೊಬ್ಬರೇ ಎಂದು ಹೇಳುತ್ತೇನೆ ಎಂದೆ.

"ಗೊತ್ತೈತ್ರಿ. ಮಾಸ್ತರ ಮಂದಿ ಬರೂದು ಬಿಟ್ಟಾರ" ಎಂದರು. ಸಿಟ್ಟೂ ಇರಲಿಲ್ಲ, ನಗುವೂ ಇರಲಿಲ್ಲ. "ಖರೇ ಸಂಗತಿ ಮಾತ್ರ ಬರೀಬ್ಯಾಡ್ರಿ. ವಿಭೂತಿಯಿಂದ ಗಾಡಿ ಕೆಟ್ಟಿತ್ತು ಅಂತ ಸವಣೂರಿನ ಸಾಬ ಹೇಳಿದ ಅನ್ನೂದು ಊರಾಗ ಹೋತಂದ್ರ, ಈಗ ಬರೂ ಟ್ರ್ಯಾಕ್ಟರ್ನೂ ಬರಂಗಿಲ್ಲ. ನೀವು ಒರಸಿದ್ರಿ, ಗಾಡಿ ಚಾಲೂ ಆತು. ಮುಗೀತ್ರಿ."

ಹಿಂದಿರುಗುವಾಗ ಗಾಡಿ ಬಂಕಾಪುರದಲ್ಲೂ ನಿಲ್ಲಲಿಲ್ಲ, ಆಡೂರಿನಲ್ಲೂ ನಿಲ್ಲಲಿಲ್ಲ. ಮಾಡು ಮಡಚಿರಲಿಲ್ಲ. ನಾಲ್ಕು ಊರಿನ ಮಿಸ್ತ್ರಿಗಳನ್ನು, ದೂಡಿದವರನ್ನು, ಮನೆಯವರನ್ನು ಇಷ್ಟು ದಿನ ಅಳೆದು ಅಳೆದು ಕೀಳು ಮಾಡಿದ್ದೆನಲ್ಲ, ಈಗ ಸೀಟಿನಲ್ಲಿ ಕುಳಿತಿದ್ದ ಹೆಂಗಸಿನ ಬಗ್ಗೆ ನನಗೆ ಅವರೆಲ್ಲರಿಗಿಂತ ಹೆಚ್ಚು ಅಸಹ್ಯವಾಯಿತು.

ಮನೆಗೆ ಬಂದು ಗುಂಪಿನಲ್ಲಿ ಬರೆದೆ: ಸವಣೂರಿನ ಮಿಸ್ತ್ರಿ ಬಹಳ ಒಳ್ಳೆಯ ಕೆಲಸಗಾರರು, ಅಂದು ನಾನು ಬರೆದದ್ದು ತಪ್ಪು, ಎಲ್ಲರೂ ಅವರ ಹತ್ತಿರ ಹೋಗಿ. ಗಣಿತದ ಶಿಕ್ಷಕರೊಬ್ಬರು ಕೇಳಿದರು: "ಹಾಗಾದರೆ ಗಾಡಿಗೆ ಏನಾಗಿತ್ತು ಮೇಡಂ?"

ಸವಣೂರಿನ ಮಿಸ್ತ್ರಿಯ ಮಾತನ್ನು ಎತ್ತದೆಯೇ ಹೇಳಬಹುದಿತ್ತು. ನಾನೇ ವಿಭೂತಿ ಮೆತ್ತಿದ್ದೆ, ನಾನೇ ಕಂಡುಹಿಡಿದೆ, ನಾನೇ ಒರೆಸಿದೆ ಎಂದು ಬರೆದಿದ್ದರೆ ಅವರಿಗೇನೂ ಆಗುತ್ತಿರಲಿಲ್ಲ. ಆಗುವುದಿದ್ದದ್ದು ನನಗೆ, ಆ ಗುಂಪಿನಲ್ಲಿ ನಮ್ಮ ಓಣಿಯ ಇಬ್ಬರಿದ್ದಾರೆ, ಸಂಜೆಯೊಳಗೆ ಮಾತು ಅತ್ತೆಯ ಕಿವಿಗೆ ಹೋಗುತ್ತಿತ್ತು. ಕಾರಣ ಬರೆಯದೆ ಬರೀ ಉತ್ತರ ಬರೆದ ಮಕ್ಕಳ ಅಂಕ ಕತ್ತರಿಸುವವಳು ನಾನು. ಅಡುಗೆಮನೆಯ ಬಾಗಿಲಲ್ಲಿ ನಿಂತು ಮೊಬೈಲಿನಲ್ಲಿ ಒತ್ತಿದೆ: "ಏನಿಲ್ಲ ಸರ್, ಲೂಸ್ ಕನೆಕ್ಷನ್."